ಅನುಷ್ಕಾಳಿಗೆ ರಕ್ತ ಬೇಕಾಗಿದೆ

ನೌಪಾಡಾ, ಥಾಣೆ
9 ಏಪ್ರಿಲ್ 2007

ಪ್ರಿಯ ಚೆನ್ನಯ ಅವರಿಗೆ ನಮಸ್ಕಾರ.

ನಾನು ಲೋಕನಾಥ. ಬಾಂಬೆ ಗ್ರೂಪ್ ಎಂಬ ಅಪರೂಪದ ರಕ್ತದ ದಾನಿಗಳಿಗಾಗಿ ವೆಬ್‌ಸೈಟ್ ನಡೆಸುವವನು. ಆಸ್ಪತ್ರೆಯ ವರಾಂಡದಲ್ಲಿ ನಾವಿಬ್ಬರೂ ಒಟ್ಟಿಗೆ ಚಹಾ ಕುಡಿದಿದ್ದೆವು. ಮುಖ ಮರೆತಿದ್ದರೂ, ಡೊಂಬಿವಲಿಯ ಹರಿಣಾಕ್ಷಿ ಟೀಚರನ್ನು ರಕ್ತ ಕೊಡಲು ರಿಕ್ಷಾದಲ್ಲಿ ಕರೆತಂದವನು ಎಂದರೆ ನೆನಪಾದೀತು.

ನಿಮ್ಮ ಮೊಬೈಲಿಗೆ ಫೋನು ಮಾಡಿದರೆ ಈ ನಂಬರ್ ಬಂದ್ ಆಗಿದೆ ಎಂದು ಒಬ್ಬಾಕೆ ಮರಾಠಿಯಲ್ಲಿ ಹೇಳುತ್ತಾಳೆ. ಇಮೇಲ್ ಕಳಿಸಿದರೆ ಡಬ್ಬಿ ತುಂಬಿದೆ ಎಂದು ವಾಪಸು ಬರುತ್ತದೆ. ಕೊನೆಗೆ ನಿಮ್ಮ ಹಳೆಯ ಬಿಲ್ಡಿಂಗಿಗೇ ಹೋಗಿ, ಕೆಳಗಿನ ಅಂಗಡಿಯವರಿಂದ ಕಾಮೋಠೆಯ ವಿಳಾಸ ಪಡೆದು ಈ ಕಾಗದ ಬರೆಯುತ್ತಿದ್ದೇನೆ.

ಹೇಗೆ ಕೇಳುವುದೆಂದು ತಿಳಿಯದೆ ಬರೆದದ್ದನ್ನೆಲ್ಲ ಹರಿದು ಹಾಕಿದೆ. ನೇರವಾಗಿಯೇ ಕೇಳುತ್ತೇನೆ, ಬೇಸರ ಮಾಡಬೇಡಿ.

2004ರಲ್ಲಿ ಮಗುವಿಗಾಗಿ ನೀವು ಬರೆದ ಮೇಲ್ ಇನ್ನೂ ಓಡಾಡುತ್ತಿದೆ. ‘ಆರು ವರ್ಷದ ಅನುಷ್ಕಾಳಿಗೆ ರಕ್ತ ಬೇಕಾಗಿದೆ, ದಯವಿಟ್ಟು ಎಲ್ಲರಿಗೂ ಕಳಿಸಿ’ ಎಂದು ಬರೆದು ಕೆಳಗೆ ನಿಮ್ಮ ಫೋನ್ ನಂಬರನ್ನೂ ನಮ್ಮ ಸೈಟಿನ ವಿಳಾಸವನ್ನೂ ಕೊಟ್ಟಿದ್ದಿರಿ. ತಾರೀಖು ಹಾಕಿರಲಿಲ್ಲ. ಆ ಹೊತ್ತಿನಲ್ಲಿ ಯಾರಿಗೆ ತಾರೀಖಿನ ನೆನಪಿರುತ್ತದೆ? ಮಗು ಹೋಗಿ ಇಷ್ಟು ಕಾಲವಾದರೂ ಸೂರತ್, ಇಂದೋರ್, ದುಬೈ, ಎಲ್ಲೆಲ್ಲಿಂದಲೋ ಜನ ಅದನ್ನು ಹಿಡಿದು ಬರುತ್ತಾರೆ, ಅವಳ ಪುಟ ತೆರೆಯುತ್ತಾರೆ. ಎಲ್ಲರೂ ಒಳ್ಳೆಯವರೇ. ಆದರೆ ಅವರ ನೂಕುನುಗ್ಗಲಿಗೆ ನಮ್ಮ ಸರ್ವರ್ ಉಸಿರುಗಟ್ಟಿ ನಿಂತುಬಿಡುತ್ತದೆ. ಈಗ ನಿಜವಾಗಿ ರಕ್ತ ಬೇಕಾದವರಿಗೆ ಸೈಟು ತೆರೆಯುವುದಿಲ್ಲ.

ಮಷೀನು ನೋಡಿಕೊಳ್ಳುವವನು ನನ್ನ ಅಕ್ಕನ ಮಗ ಹಿತೇಶ್. ಅವನು ಎರಡು ದಾರಿ ಹೇಳುತ್ತಾನೆ. ಒಂದು, ಈಗಿನ ಮಷೀನು ತೆಗೆದು ಹೊಸದಾಗಿ ಬಂದಿರುವ ನಾಲ್ಕು ಕೋರಿನದನ್ನು ಹಾಕುವುದು. ಕೋರ್ ಎಂದರೆ ಮಷೀನಿನ ಮಿದುಳು ಎನ್ನಿ; ಈಗಿನದಕ್ಕೆ ಇರುವುದು ಒಂದೇ. ಇನ್ನೊಂದು ದಾರಿಗೆ ಖರ್ಚಿಲ್ಲ. ಮಗುವಿನ ಪುಟ ತೆಗೆದು ಅಲ್ಲಿ ಬರಿಯ ಒಂದು ಸಾಲು ಹಾಕುವುದು. ಆ ಸಾಲು ಯಾವುದೆಂದು ನಾನು ಹೇಳಬೇಕಿಲ್ಲ.

ಹೆತ್ತವರನ್ನು ಕೇಳದೆ ಹಾಕಲು ಮನಸ್ಸು ಒಪ್ಪಲಿಲ್ಲ. ಸುಗುಣಾ ಅವರನ್ನೂ ಕೇಳಿ ತಿಳಿಸಿ.

ನಿಮ್ಮ
ಲೋಕನಾಥ


ತುರ್ಭೆ, ನವಿ ಮುಂಬಯಿ
24 ಏಪ್ರಿಲ್ 2007

ಲೋಕನಾಥ ಅವರಿಗೆ,

ಕಾಗದ ಸಿಕ್ಕಿತು. ಪುಣ್ಯಕ್ಕೆ ಅವತ್ತು ಪೋಸ್ಟಿನ ಡಬ್ಬಿ ತೆರೆದವನು ನಾನು. ಇನ್ನು ಮುಂದೆ ದಯವಿಟ್ಟು ಮೇಲಿನ ಆಫೀಸಿನ ವಿಳಾಸಕ್ಕೇ ಬರೆಯಿರಿ.

ಆ ಸಾಲು ಹಾಕಬೇಡಿ.

ಮೊಬೈಲ್ ನಂಬರು ಬಂದ್ ಮಾಡಿಸಿದವನು ನಾನೇ. ಕರೆಗಳ ಕಾಟಕ್ಕಲ್ಲ. ಒಂದು ಭಾನುವಾರ ನಾನು ದಾಡಿ ಮಾಡಿಕೊಳ್ಳುತ್ತಿದ್ದೆ. ಹೊರಗೆ ಸುಗುಣಾ ಯಾರಿಗೋ ಹೇಳುತ್ತಿದ್ದಳು: ‘ಹಾಂ ಜೀ, ಅಬ್ ಠೀಕ್ ಹೈ. ಅಭೀ ಸೋ ರಹೀ ಹೈ.’ ಅವಳ ದನಿ ಎಷ್ಟು ಸಹಜವಾಗಿತ್ತೆಂದರೆ, ನಾನು ಕೂಡ ಒಂದು ಕ್ಷಣ ಮಲಗುವ ಕೋಣೆಯ ಕಡೆ ನೋಡಿದೆ. ಆಮೇಲೆ ತಿಳಿಯಿತು, ಕರೆ ಮಾಡಿದವರಿಗೆಲ್ಲ ಮಗು ಈಗ ಹುಷಾರಾಗಿದೆ, ಮಲಗಿದೆ ಎಂದೇ ಹೇಳುತ್ತಾಳೆಂದು. ಮರುದಿನವೇ ಹೋಗಿ ನಂಬರು ಬಂದ್ ಮಾಡಿಸಿದೆ. ಡೊಂಬಿವಲಿಯ ಮನೆಯನ್ನೂ ಬಿಟ್ಟು ಕಾಮೋಠೆಗೆ ಬಂದೆವು.

ಈಗ ನಾನು ಆಫೀಸಿಗೆ ಹೊರಟ ಮೇಲೆ ಅವಳು ಮಾರ್ಕೆಟ್ ಹತ್ತಿರದ ಸೈಬರ್ ಕೆಫೆಗೆ ಹೋಗುತ್ತಾಳೆ. ಅನುಷ್ಕಾಳ ಪುಟ ತೆರೆಯುತ್ತಾಳೆ. ಅದರ ಅಡಿಯಲ್ಲಿ ‘ಈ ಮನವಿಯನ್ನು ಇಷ್ಟು ಮಂದಿ ನೋಡಿದ್ದಾರೆ’ ಎಂದು ಒಂದು ಸಂಖ್ಯೆ ಇದೆಯಲ್ಲ, ಅದನ್ನು ನೋಡಿ ಬರುತ್ತಾಳೆ. ಸಂಜೆ ನನಗೆ ಊಟ ಬಡಿಸುವಾಗ ‘ಇವತ್ತು ತುಂಬ ಜನ ಬಂದಿದ್ದರು’ ಎನ್ನುತ್ತಾಳೆ. ಮನೆಗೆ ನೆಂಟರು ಬಂದು ಹೋದ ಹಾಗೆ. ನಾನು ಹೌದಾ ಎನ್ನುತ್ತೇನೆ.

ಡಾಕ್ಟರಿಗೆ ತೋರಿಸಿದ್ದೇನೆ. ಅವಳಿಗೆ ಭ್ರಮೆಯೇನೂ ಇಲ್ಲ, ಎಲ್ಲ ಗೊತ್ತಿದೆ, ಒತ್ತಾಯ ಮಾಡಬೇಡಿ ಎಂದರು.

ಹೊಸ ಮಷೀನಿಗೆ ಆಗುವುದನ್ನು ನಾನು ಕೊಡುತ್ತೇನೆ. ಇದು ಸರಿಯೋ ತಪ್ಪೋ ತಿಳಿಯದು. ಆ ಪುಟ ಹೋದರೆ ಅವಳು ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಬೇಕು ಎಂಬುದೂ ನನಗೆ ತಿಳಿಯದು.

ಇಂತಿ
ಚೆನ್ನಯ


ನೌಪಾಡಾ
17 ಮೇ 2007

ಪ್ರಿಯ ಚೆನ್ನಯ ಅವರಿಗೆ,

ನಿಮ್ಮ ಕಾಗದವನ್ನು ಕಿಸೆಯಲ್ಲಿಟ್ಟುಕೊಂಡು ಬಹಳ ದಿನ ತಿರುಗಾಡಿದೆ. ಹಿತೇಶನಿಗೆ ಹೆಸರು ಹೇಳದೆ ವಿಷಯ ತಿಳಿಸಿದೆ. ಅವನು ಹುಟ್ಟಿ ಬೆಳೆದದ್ದೆಲ್ಲ ಥಾಣೆಯಲ್ಲೇ; ನಾನು ಕನ್ನಡದಲ್ಲಿ ಕೇಳಿದರೆ ಅವನದು ಅರ್ಧ ಹಿಂದಿಯಲ್ಲಿ ಉತ್ತರ.

‘ಮಾಮಾ, ಟಿಕೆಟ್ ಕಿಡಕಿ ಚಾರ್ ಖೋಲ್ ದಿಯಾ ಸಮಝೋ. ಲೇಕಿನ್ ಬರೀಲಿಕ್ಕೆ ಬುಕ್ ಏಕ್ ಹೀ ಹೈ. ಒಬ್ಬ ಬರೆಯುವಾಗ ಬಾಕಿ ತೀನ್ ಬೈಠೇ ರಹೇಂಗೇ.’

‘ಕಿಟಕಿ ನಾಲ್ಕಿದ್ದರೂ ಬುಕ್ ಒಂದೇ, ಉಳಿದ ಮೂವರು ಸುಮ್ಮನೆ ಕೂರಬೇಕು ಅಂತೀಯಾ? ಬುಕ್ ಅಂದರೆ ಎಂತದು?’

‘ಆ ಕೌಂಟರ್. ಎಷ್ಟು ಮಂದಿ ನೋಡಿದ್ರು ಅಂತ ಬರ್ತದಲ್ಲ, ಅದು. ಅದನ್ನು ತೆಗೀರಿ, ಹಳೇ ಮಷೀನೇ ಆರಾಮಾಗಿ ಓಡ್ತದೆ.’

ಬಂದವರ ಸಂಖ್ಯೆಗೆ ಒಂದು ಕೂಡಿಸಿ ಬರೆಯುವಾಗ, ಒಂದು ಕ್ಷಣದ ಮಟ್ಟಿಗೆ ದಾನಿಗಳ ಪಟ್ಟಿಗೂ ಸೇರಿ ಬೀಗ ಬೀಳುತ್ತದಂತೆ. ಒಬ್ಬೊಬ್ಬರಾಗಿ ಬಂದರೆ ಗೊತ್ತಾಗುವುದಿಲ್ಲ. ಸಾವಿರಾರು ಜನ ಒಟ್ಟಿಗೆ ಬಂದರೆ ಬೀಗದ ಮುಂದೆಯೇ ಸಾಲು. ಪ್ರೋಗ್ರಾಮನ್ನೇ ತಿದ್ದಿಸೋಣವೆಂದು ಅದನ್ನು ಬರೆದ ಗೆಳೆಯನನ್ನು ಹುಡುಕಿಕೊಂಡು ಹೋದೆ. ಅವನು ಈಗ ಭಿವಂಡಿಯಲ್ಲಿ ಬಟ್ಟೆ ವ್ಯಾಪಾರ ಮಾಡುತ್ತಾನೆ. ‘ನನಗೆ ಅದರದ್ದು ಒಂದಕ್ಷರ ನೆನಪಿಲ್ಲ ಮಾರಾಯ’ ಎಂದು ಲಸ್ಸಿ ಕುಡಿಸಿ ಕಳಿಸಿದ. ಹಿತೇಶನಿಗೆ ಮಷೀನಿನ ಕೆಲಸ ಗೊತ್ತೇ ಹೊರತು ಪ್ರೋಗ್ರಾಮು ಮುಟ್ಟಲು ಅವನಿಗೆ ಹೆದರಿಕೆ.

‘ನಾಲ್ಕು ಕೋರ್ ಹಾಕಿದರೆ ಏನೂ ಪ್ರಯೋಜನವಿಲ್ಲವಾ?’ ಎಂದು ಕೇಳಿದೆ. ‘ಥೋಡಾ ಫರಕ್ ಪಡೇಗಾ. ದಿನದ ಗಿರಾಕಿಗೆ ಸಾಕು. ಎಲ್ಲ ಒಟ್ಟಿಗೆ ಬಂದ್ರೆ ದೇವರೇ ಗತಿ’ ಎಂದ.

ಸಂಖ್ಯೆ ತೆಗೆಯಲಾರೆ, ಸಾಲು ಹಾಕಲಾರೆ. ಉಳಿದದ್ದು ಮಷೀನೇ. ಯಾರಿಗೂ ನೋವಾಗದ ದಾರಿ ಇದೊಂದೇ ಎಂದು ಕಂಡಿತು. ಮುಂದಿನ ತಿಂಗಳು, ನಮ್ಮ ಮಷೀನು ಇರುವ ಮಹಾಪೆಯ ಡೇಟಾ ಸೆಂಟರಿನಲ್ಲಿ ಹೊಸದು ಬರುತ್ತದೆ. ನೀವು ಹೇಳುವವರೆಗೆ ಪುಟ ಮುಟ್ಟುವುದಿಲ್ಲ. ಇದು ನನ್ನ ಮಾತು.

ನಿಮ್ಮ
ಲೋಕನಾಥ


ತುರ್ಭೆ
6 ಜುಲೈ 2007

ಲೋಕನಾಥ ಅವರಿಗೆ,

ಪುಟ ಈಗ ಒತ್ತಿದ ಕೂಡಲೇ ತೆರೆಯುತ್ತದಂತೆ. ಸುಗುಣಾ ತಾನಾಗಿಯೇ ಹೇಳಿದಳು. ಅಷ್ಟು ಬೇಗ ತೆರೆಯುವುದರಿಂದ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಹೋಗಿ ಬರುತ್ತಾಳೆ. ನಿಮಗೆ ಥ್ಯಾಂಕ್ಸ್ ಹೇಳಬೇಕೋ ಬೇಡವೋ ತಿಳಿಯದೆ ಇಷ್ಟು ದಿನ ಬರೆಯಲಿಲ್ಲ.

ಚೆನ್ನಯ


ನೌಪಾಡಾ
3 ಸೆಪ್ಟೆಂಬರ್ 2007

ಪ್ರಿಯ ಚೆನ್ನಯ ಅವರಿಗೆ,

ಇದನ್ನು ನಿಮಗೆ ತಿಳಿಸದೆ ಇರಬಹುದಿತ್ತು. ಹಾಗೆ ಇರಲು ಪ್ರಯತ್ನಿಸಿದೆ, ಆಗಲಿಲ್ಲ.

ಆಗಸ್ಟಿನಲ್ಲಿ ಯಾರೋ ಪುಣ್ಯಾತ್ಮರು ನಿಮ್ಮ ಆ ಇಮೇಲಿಗೆ ‘ಇವತ್ತು ಸಂಜೆಯೊಳಗೆ ಸಿಗದಿದ್ದರೆ ಮಗು ಉಳಿಯುವುದಿಲ್ಲ’ ಎಂಬ ಹೊಸ ಸಾಲು ಸೇರಿಸಿದ್ದಾರೆ. ಕೆಟ್ಟ ಬುದ್ಧಿಯಿಂದ ಅಲ್ಲ, ಜನ ಬೇಗ ಎದ್ದು ಬರಲಿ ಎಂದು. ಅದು ದೊಡ್ಡ ದೊಡ್ಡ ಕಂಪನಿಗಳ ಒಳಗೆ ಹೋಯಿತು. 24ರ ಶುಕ್ರವಾರ ಬೆಳಿಗ್ಗೆ ಸೈಟು ನಿಂತಿತು.

ಹಿತೇಶ್ ಮಹಾಪೆಗೆ ಓಡಿದ. ಮಷೀನು ನಿಲ್ಲಿಸಿ ಶುರುಮಾಡುತ್ತಾನೆ, ಸ್ವಲ್ಪ ಹೊತ್ತು ತೆರೆಯುತ್ತದೆ, ಮತ್ತೆ ಮುಚ್ಚಿಕೊಳ್ಳುತ್ತದೆ. ಅಲ್ಲಿಂದಲೇ ಫೋನು ಮಾಡಿದ: ‘ಮಾಮಾ, ತೀನ್ ಕೋರ್ ಖಾಲೀ ಬೈಠೇ ಹೈಂ. ಮಷೀನಿಗೆ ಕೆಲಸವೇ ಇಲ್ಲ, ಎಲ್ಲ ಬೀಗದ ಮುಂದೆ ನಿಂತಿದ್ದಾರೆ. ವೋ ಏಕ್ ಲೈನ್ ಹಾಕಿಬಿಡಲಾ? ನೀವು ಹೂಂ ಅನ್ನಿ ಸಾಕು.’

ನಾನು ಹೂಂ ಅನ್ನಲಿಲ್ಲ. ನಿಮಗೆ ಮಾತು ಕೊಟ್ಟಿದ್ದೆ. ತುರ್ಭೆಯ ಆಫೀಸಿನ ಫೋನ್ ನಂಬರು ನನ್ನ ಹತ್ತಿರ ಇರಲಿಲ್ಲ. ಇದ್ದಿದ್ದರೂ ಏನು ಕೇಳುತ್ತಿದ್ದೆನೋ. ಮರುದಿನ ಸಂಜೆ ಜನ ತಾವಾಗಿಯೇ ಕಡಿಮೆಯಾದರು, ಸೈಟು ತೆರೆಯಿತು. ಎಲ್ಲ ಮುಗಿಯಿತೆಂದುಕೊಂಡೆ.

ಆಮೇಲೆ ಕಲ್ಯಾಣದ ಒಂದು ರಕ್ತನಿಧಿಯವರು ಹೇಳಿ ಗೊತ್ತಾಯಿತು. ಅಲ್ಲಿ ದಾನೇಶ್ವರಿ ಎಂಬ ಹೆಣ್ಣುಮಗಳಿಗೆ ಹೆರಿಗೆಯಾಗಿ ರಕ್ತಸ್ರಾವ ನಿಲ್ಲಲಿಲ್ಲ. ಪರೀಕ್ಷಿಸಿದರೆ ಬಾಂಬೆ ಗ್ರೂಪ್. ಆ ಗ್ರೂಪಿನವರ ರಕ್ತ ಬಿಟ್ಟರೆ ಬೇರೆ ಯಾವುದೂ ಕೂಡುವುದಿಲ್ಲ ಎಂದು ನಿಮಗೆ ಗೊತ್ತೇ ಇದೆ. ರಕ್ತನಿಧಿಯವರು ನಮ್ಮ ಸೈಟು ತೆರೆಯಲು ನೋಡಿದರು, ಆಗಲಿಲ್ಲ; ನನ್ನ ಫೋನ್ ನಂಬರೂ ಇದ್ದದ್ದು ಅದರಲ್ಲೇ. ಗಂಡನ ಕೈಯಲ್ಲೂ ವಿಳಾಸ ಬರೆದ ಚೀಟಿ ಕೊಟ್ಟು ಕೆಫೆಗೆ ಓಡಿಸಿದರು. ಅದು ಆ ಶುಕ್ರವಾರ. ಶನಿವಾರ ಬೆಳಿಗ್ಗೆ ಅವಳು ತೀರಿಕೊಂಡಳು. ಮಗು ಇದೆ, ಗಂಡು.

ನಿನ್ನೆ ಕಲ್ಯಾಣಕ್ಕೆ ಹೋಗಿದ್ದೆ. ಗಂಡನ ಹೆಸರು ರೇವಣಸಿದ್ದ, ಗುಲ್ಬರ್ಗಾ ಕಡೆಯವರು, ಕಟ್ಟಡದ ಕೆಲಸ. ಕಟ್ಟುತ್ತಿರುವ ಬಿಲ್ಡಿಂಗಿನ ಪಕ್ಕದ ತಗಡಿನ ಮನೆ. ಆ ವೆಬ್‌ಸೈಟಿನವನು ನಾನೇ ಎಂದು ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು. ಮಗುವನ್ನು ತಂಗಿಯ ಕೈಗೆ ಕೊಟ್ಟು ನನಗೆ ಕೂರಲು ಜಾಗ ಮಾಡಿದರು.

‘ಕೆಫೆದಾವ ಭಾಳ ಒದ್ದಾಡಿದ್ನರಿ’ ಎಂದರು. ‘ಒತ್ತಿದಾ, ಒತ್ತಿದಾ. ಬಿಳೀ ಪರದೆ ಬಿಟ್ರ ಏನೂ ಬರ್ಲಿಲ್ರಿ. ಇನ್ನೊಂದ್ ಸಲ ನೋಡಪಾ ಅಂತ ಕೈ ಮುಗಿದೆ. ಅಂವರೆ ಏನ್ ಮಾಡ್ತಾನ್ರಿ. ಯಾವುದೋ ಕೂಸಿಗೆ ರಕ್ತ ಬೇಕಂತ, ಅದಕ್ಕ ಎಲ್ಲಾರೂ ಅದರಾಗ ನುಗ್ಗ್ಯಾರ ಅಂದ.’

ಆಮೇಲೆ ಅವರೇ ಕೇಳಿದರು: ‘ಆ ಕೂಸಿಗರೆ ಸಿಕ್ತೇನ್ರಿ?’

ನಾನು ಸಿಕ್ಕಿತು ಎಂದೆ.

‘ಚಲೋ ಆತು ಬಿಡ್ರಿ’ ಎಂದರು.

ಸುಳ್ಳು ಹೇಳಲಿಲ್ಲ ಚೆನ್ನಯ ಅವರೇ. ಅನುಷ್ಕಾಳಿಗೆ ರಕ್ತ ಸಿಕ್ಕಿತ್ತಲ್ಲ. ಆಮೇಲೆ ಏನಾಯಿತೆಂದು ಅವರು ಕೇಳಲಿಲ್ಲ.

ಬರುವಾಗ ಡೊಂಬಿವಲಿಯಲ್ಲಿ ಇಳಿದು ಹರಿಣಾಕ್ಷಿ ಟೀಚರ ಮನೆಗೆ ಹೋದೆ. ಆ ಎರಡೂ ದಿನ ಅವರು ಮನೆಯಲ್ಲೇ ಪೇಪರ್ ತಿದ್ದುತ್ತ ಕುಳಿತಿದ್ದರಂತೆ. ಡೊಂಬಿವಲಿಯಿಂದ ಕಲ್ಯಾಣ ಎಷ್ಟು ದೂರ? ರೈಲಿನಲ್ಲಿ ಹತ್ತು ನಿಮಿಷ. ರಕ್ತ ಕೊಟ್ಟಿದ್ದರೂ ಉಳಿಯುತ್ತಿದ್ದಳೆಂದು ಹೇಳಲಾಗದು ಎನ್ನುತ್ತಾರೆ ಡಾಕ್ಟರು. ಆ ಮಾತನ್ನು ಹಿಡಿದುಕೊಂಡು ಮಲಗಲು ನೋಡುತ್ತೇನೆ.

ಇನ್ನು ನೀವು ಹೇಳಿದ ಹಾಗೆ.

ಲೋಕನಾಥ


ನೌಪಾಡಾ
22 ಅಕ್ಟೋಬರ್ 2007

ಪ್ರಿಯ ಚೆನ್ನಯ ಅವರಿಗೆ,

ನನ್ನ ಹಿಂದಿನ ಕಾಗದ ತಲುಪಿತೆಂದು ನಂಬಿದ್ದೇನೆ. ಪುಟ ಹಾಗೆಯೇ ಇದೆ, ಸಂಖ್ಯೆಯೂ ಹಾಗೆಯೇ ಏರುತ್ತಿದೆ. ದೀಪಾವಳಿ ಹತ್ತಿರ ಬಂತು. ರಜೆಯಲ್ಲಿ ಜನ ಮೇಲ್ ಕಳಿಸುವುದು ಹೆಚ್ಚು. ಹಿತೇಶ್ ನನ್ನ ಜೊತೆ ಮಾತು ಬಿಟ್ಟಿದ್ದಾನೆ.

ಒಂದು ಸಾಲು ಬರೆದರೂ ಸಾಕು.

ಲೋಕನಾಥ


ಕಾಮೋಠೆ
12 ನವೆಂಬರ್ 2007

ಲೋಕನಾಥ ಅವರಿಗೆ ಸುಗುಣಾ ಮಾಡುವ ನಮಸ್ಕಾರ.

ನಿಮ್ಮ ಕಾಗದಗಳನ್ನು ಇವರು ಮೊನ್ನೆ ಮನೆಗೆ ತಂದರು. ಓದು ಎನ್ನಲಿಲ್ಲ. ಟಿ.ವಿ. ಮೇಲಿಟ್ಟು ಸ್ನಾನಕ್ಕೆ ಹೋದರು. ಬಹಳ ಹೊತ್ತು ನೀರು ಬೀಳುತ್ತಲೇ ಇತ್ತು.

ನನಗೆ ಏನೂ ತಿಳಿಯದೆಂದು ನೀವೆಲ್ಲ ಎಣಿಸಿದ್ದೀರಿ. ಅವಳಿಗೆ ಕೊನೆಯ ಸಲ ತಲೆ ಬಾಚಿದವಳು ನಾನು. ತಿಳಿಯದೆ ಇರುತ್ತದೆಯೆ? ಆದರೆ ಫೋನಿನಲ್ಲಿ ಯಾರೋ ‘ಬಚ್ಚೀ ಕೈಸೀ ಹೈ’, ಮಗು ಹೇಗಿದೆ ಎಂದು ಕೇಳುತ್ತಾರಲ್ಲ, ಅವರ ಮನಸ್ಸಿನಲ್ಲಿ ಅವಳು ಮಂಚದ ಮೇಲೆ ಮಲಗಿ ಕಾಯುತ್ತಿರುತ್ತಾಳೆ. ನಾನು ಬಾಯಿ ಬಿಟ್ಟು ಇಲ್ಲ ಎಂದರೆ ಅಲ್ಲಿಂದಲೂ ಹೋಗುತ್ತಾಳೆ. ಅಷ್ಟಕ್ಕೆ ಹಾಗೆ ಹೇಳುತ್ತಿದ್ದೆ. ಯಾರಿಗೂ ಕೆಡುಕಾಗುವ ಮಾತಲ್ಲ ಎಂದುಕೊಂಡಿದ್ದೆ.

ಆ ಶುಕ್ರವಾರ ನಾನೂ ಕೆಫೆಗೆ ಹೋಗಿದ್ದೆ. ಪುಟ ತೆರೆಯಲಿಲ್ಲ. ಬಿಟ್ಟು ಬರಲು ಮನಸ್ಸಾಗಲಿಲ್ಲ. ಒತ್ತಿದೆ, ಮತ್ತೆ ಒತ್ತಿದೆ. ಕಲ್ಯಾಣದಲ್ಲಿ ಅವರು ಕೈ ಮುಗಿದು ಒತ್ತಿಸುತ್ತಿದ್ದಾಗ ಇಲ್ಲಿ ನಾನು ಒತ್ತುತ್ತಿದ್ದೆ. ಬೀಗದ ಮುಂದೆ ಸಾಲು ಇತ್ತು ಎಂದು ಬರೆದಿದ್ದೀರಿ. ಆ ಸಾಲಿನಲ್ಲಿ ಅವರ ಮುಂದೆ ನಿಂತವಳು ನಾನೇ ಇರಬಹುದು.

ಹೋಗಿ ಅವರನ್ನು ನೋಡೋಣವೆಂದು ಪನವೇಲಿನಿಂದ ಕಲ್ಯಾಣದ ಬಸ್ಸು ಹತ್ತಿದೆ. ಅರ್ಧ ದಾರಿಯಲ್ಲಿ, ಶೀಳ್ ಫಾಟಾದಲ್ಲಿ ಇಳಿದುಬಿಟ್ಟೆ. ಆ ಕೂಸನ್ನು ಎತ್ತಿಕೊಂಡು ಏನು ಹೇಳುವುದು? ರಸ್ತೆ ದಾಟಿ ವಾಪಸು ಬಸ್ಸಿಗೆ ನಿಂತೆ.

ನೀವು ಕೇಳಿದ ಸಾಲನ್ನು ಬರೆದಿದ್ದೇನೆ. ಬೇರೆ ಯಾರೂ ಬರೆಯುವುದು ಬೇಡ. ಹಿಂದಿ, ಇಂಗ್ಲಿಷಿನಲ್ಲೂ ಹಾಕಿಸಿ.

‘ಅನುಷ್ಕಾ ಈಗ ಇಲ್ಲ. ಅವಳಿಗೆ ರಕ್ತ ಸಿಕ್ಕಿತ್ತು. ಕೊಟ್ಟವರಿಗೆ ನಮ್ಮ ನಮಸ್ಕಾರ. ಇದನ್ನು ಇನ್ನು ಯಾರಿಗೂ ಕಳಿಸಬೇಡಿ. ಬೇರೆಯವರಿಗೆ ದಾರಿ ಬಿಡಿ. ಅವಳ ಅಮ್ಮ.’

ಸಂಖ್ಯೆಯನ್ನೂ ತೆಗೆದುಬಿಡಿ.

ಸುಗುಣಾ


ನೌಪಾಡಾ
20 ಡಿಸೆಂಬರ್ 2007

ಸುಗುಣಾ ಅವರಿಗೆ ನಮಸ್ಕಾರ.

ಕಾಗದ ಬಂದ ದಿನವೇ ನೀವು ಬರೆದ ಹಾಗೆಯೇ, ಒಂದು ಅಕ್ಷರ ಬದಲಿಸದೆ ಹಾಕಿಸಿದೆ, ಸಂಖ್ಯೆಯನ್ನೂ ತೆಗೆಸಿದೆ. ಹಿತೇಶ್ ಅದನ್ನು ಹಾಕಿ, ಹೊರಗೆ ಹೋಗಿ ಬಹಳ ಹೊತ್ತು ನಿಂತಿದ್ದ.

ಈಗ ಸೈಟು ನಿಲ್ಲುವುದಿಲ್ಲ. ಜನ ಬರುವುದೇನೂ ಕಡಿಮೆಯಾಗಿಲ್ಲ; ಬರುತ್ತಾರೆ, ಓದುತ್ತಾರೆ, ಹೋಗುತ್ತಾರೆ. ಮಷೀನಿಗೆ ಅದೊಂದು ಭಾರವೇ ಅಲ್ಲ. ಇದಕ್ಕೆ ಹಳೆಯ ಮಷೀನೇ ಸಾಕಿತ್ತು ಎಂದು ಹಿತೇಶ್ ಯಾವುದೋ ಮಾತಿನ ನಡುವೆ ಹೇಳಿದ.

ಮೇಲನ್ನು ಮೂಲದಲ್ಲೇ ನಿಲ್ಲಿಸಲು ಆಗುವುದಿಲ್ಲವೇ ಎಂದು ಅವನನ್ನು ಕೇಳಿದೆ. ‘ಮಾಮಾ, ಕಿಸ್ ಕಿಸ್ ಕೋ ರೋಕೇಂಗೇ, ಯಾರ್ಯಾರನ್ನಂತ ತಡೀತೀರಿ?’ ಎಂದ. ನಮ್ಮ ಪುಟ ತೆರೆದು ನೋಡುವವರಿಗಿಂತ ನೋಡದೆಯೇ ಮುಂದೆ ಕಳಿಸುವವರು ಹೆಚ್ಚಂತೆ.

ರೇವಣಸಿದ್ದ ಕೂಸನ್ನೂ ತಂಗಿಯನ್ನೂ ಕರೆದುಕೊಂಡು ಊರಿಗೆ ಹೋದರು. ವಿಳಾಸ ಕೇಳಿದೆ, ‘ಅಲ್ಲಿಗೆ ಟಪಾಲು ಸರಿಯಾಗಿ ಬರಂಗಿಲ್ರಿ’ ಎಂದರು.

ಚೆನ್ನಯ ಅವರಿಗೂ ನನ್ನ ನಮಸ್ಕಾರ ತಿಳಿಸಿ.

ಲೋಕನಾಥ


ಕಾಮೋಠೆ
8 ಫೆಬ್ರವರಿ 2008

ಲೋಕನಾಥ ಅವರಿಗೆ ನಮಸ್ಕಾರ.

ಇವರು ಓಡಾಡಿ ಹಳೆಯ ಮೊಬೈಲ್ ನಂಬರನ್ನೇ ವಾಪಸು ತೆಗೆಸಿಕೊಟ್ಟರು. ನಾನು ಕೇಳಿದೆ. ಮೊದಲು ಬೇಡ ಎಂದರು. ನಿಮ್ಮ ಪುಟ ನೋಡದವರಿಗೆ ಹೇಳುವವರು ಯಾರು ಎಂದೆ. ಆಮೇಲೆ ಒಪ್ಪಿದರು.

ಮೊದಲ ಕರೆ ನಾಂದೇಡ್‌ನಿಂದ ಬಂತು. ನನ್ನದೇ ವಯಸ್ಸಿನ ಹೆಂಗಸಿನ ದನಿ. ‘ಬೆಹೆನ್‌ಜೀ, ಅನುಷ್ಕಾ ಕೋ ಖೂನ್ ಮಿಲಾ ಕ್ಯಾ?’ ರಕ್ತ ಸಿಕ್ಕಿತಾ ಎಂದು ಕೇಳಿದರು.

‘ಮಿಲಾ ಥಾ. ಲೇಕಿನ್ ವೋ ನಹೀಂ ರಹೀ’ ಎಂದೆ, ಸಿಕ್ಕಿತ್ತು, ಆದರೆ ಅವಳು ಉಳಿಯಲಿಲ್ಲ ಎಂದು. ಹೇಳಲು ಅಭ್ಯಾಸ ಮಾಡಿಕೊಂಡಿದ್ದೆ. ಆದರೂ ಬಾಯಿಯಿಂದ ಬಂದದ್ದು ಬೇರೆ ಯಾರದೋ ದನಿಯ ಹಾಗಿತ್ತು.

ಮೂರು ವರ್ಷ ದಾಟಿತು ಎಂದು ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಆಕೆ ಅಳಲು ಶುರುಮಾಡಿದರು. ಬೆಳಿಗ್ಗೆ ಆ ಮೇಲ್ ಓದಿ, ಆಫೀಸಿನಲ್ಲಿ ಎಲ್ಲರ ಗ್ರೂಪು ಕೇಳಿಕೊಂಡು ತಿರುಗಿದ್ದರಂತೆ. ಆಕೆಯ ಪಾಲಿಗೆ ನನ್ನ ಮಗಳು ಆಗಷ್ಟೇ ಹೋಗಿದ್ದಳು. ಹಳೆಯ ಮಾತು, ಅಳಬೇಡಿ ಎಂದು ಹೇಗೆ ಹೇಳಲಿ? ಮಗು ಹೋದ ದಿನ ನನ್ನ ಸುತ್ತ ಜನ ನಿಂತು ಏನೇನು ಹೇಳಿದರೋ ಅದನ್ನೇ ಆಕೆಗೆ ಹೇಳಿದೆ. ಸಮಾಧಾನ ಮಾಡಿಕೊಳ್ಳಿ ಎಂದೆ. ಸ್ವಲ್ಪ ನೀರು ಕುಡಿಯಿರಿ ಎಂದೆ. ಆಕೆ ಎದ್ದು ಹೋಗಿ ಕುಡಿದು ಬಂದರು. ಅಲ್ಲಿಯವರೆಗೆ ನಾನು ಫೋನು ಹಿಡಿದೇ ಇದ್ದೆ.

ಆಮೇಲೆ ಹೀಗೆಯೇ ಬರುತ್ತಿವೆ. ಕೆಲವರು ಸಾರಿ ಎಂದು ಇಡುತ್ತಾರೆ. ಕೆಲವರು ಅಳುತ್ತಾರೆ. ನೀವು ಸುಳ್ಳು ಹೇಳುತ್ತೀರಿ, ನಮಗೆ ಬಂದ ಇಮೇಲಿನಲ್ಲಿ ಬೇರೆ ಇದೆ ಎಂದು ಒಬ್ಬರು ಜಗಳವಾಡಿದರು. ಪ್ರತಿ ಸಲವೂ ಮೊದಲಿನಿಂದ ಹೇಳಬೇಕು. ಇದು ಯಾವತ್ತು ಮುಗಿಯುತ್ತದೆ ಎಂದು ಇವರನ್ನು ಕೇಳಿದೆ. ಇವರು ನಿಮ್ಮನ್ನು ಕೇಳು ಎಂದರು. ನಿಮಗೂ ತಿಳಿಯದೆಂದು ನನಗೆ ಗೊತ್ತು, ಉತ್ತರ ಬರೆಯಬೇಕೆಂದೇನೂ ಇಲ್ಲ.

ಫೋನು ಬಡಿದುಕೊಳ್ಳುತ್ತಿದೆ. ಇವರು ಆಫೀಸಿಗೆ ಹೋಗಿದ್ದಾರೆ, ನಾನೇ ಎತ್ತಬೇಕು.

ಸುಗುಣಾ